ದಂಡಾಕಾರದ ಬ್ಯಾಕ್ಟೀರಿಯಗಳಲ್ಲಿ ಭಿತ್ತಿಯ ಬೆಳವಣಿಗೆ ಮತ್ತು ಆಕಾರ

ಈಷರಿಷಿಯ ಕೋಲಿ ಎಂಬ ಬ್ಯಾಕ್ಟೀರಿಯವು ಸುಮಾರು 2 ಮೈಕ್ರಾನ್ ಉದ್ದ, 1 ಮೈಕ್ರಾನ್ ದಪ್ಪದ ಪುಟ್ಟ ದಂಡದಂತಿದೆ. ಪುಷ್ಟಿಕರವಾದ ಮಾಧ್ಯಮದಲ್ಲಿ ಅದು ಸುಮಾರು 20 ನಿಮಿಷಗಳಿಗೊಮ್ಮೆ ಇಬ್ಭಾಗವಾಗುತ್ತದೆ. ಹಾಗೆ ಒಡೆಯುವುದಕ್ಕೆ ಮುನ್ನ ಅದು ಉದ್ದದಲ್ಲಿ ಇಮ್ಮಡಿಯಾಗುವುದೇ ಹೊರತು ದಪ್ಪದಲ್ಲಿ ಹೆಚ್ಚು ವ್ಯತ್ಯಾಸ ಹೊಂದುವುದಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ಇಲ್ಲಿ ವಿಚಾರಮಾಡೋಣ.

ಆಕಾರವನ್ನು ಹಿಡಿದಿಡುವುದು ಕೋಶಭಿತ್ತಿ ಎಂಬುದು ಮೊದಲು ಸ್ಪಷ್ಟವಾದ ಸಂಗತಿ. 1953ರಲ್ಲಿ ಸ್ವೀಡನ್ನಿನ ವೈಬುಲ್ ಎಂಬ ವಿಜ್ಞಾನಿಯು ಬ್ಯಾಸಿಲಸ್ ಮೆಗಟೀರಿಯಮ್ ಎಂಬ ದಂಡಾಣುವಿನ ಭಿತ್ತಿಯನ್ನು ಸಕ್ಕರೆಯ ದ್ರಾವಣದಲ್ಲಿ ಲೈಸೋಝೈಮ್ ಕಿಣ್ವದಿಂದ ಕರಗಿಸಿದನು. ಉಳಿದ ಜೀವದ್ರವ್ಯವು ಒಡನೆಯೇ ಗುಂಡಗಾಯಿತು. ಸಕ್ಕರೆಯ ಆಸರೆಯಿಲ್ಲದ ನೀರಿನಲ್ಲಾದರೆ ಅದು ಸಿಡಿದೇ ಹೋಗುತ್ತದೆ. ಏಕೆಂದರೆ ಕೋಶದ ಒಳಗಿನ ಒತ್ತಡವು ಹೊರಗಿನದಕ್ಕಿಂತ ಹೆಚ್ಚು.

ಈ ಭಿತ್ತಿಯ ಮುಖ್ಯದ್ರವ್ಯಕ್ಕೆ ಮುರೀನ್ ಅಥವಾ ಪೆಪ್ಟಿಡೋಗ್ಲೈಕನ್ ಎಂದು ಹೆಸರು. ಸಕ್ಕರೆಯ ಅಣುಗಳ ಸರಪಳಿಗಳನ್ನು ಅಮೈನೋ ಆಮ್ಲಗಳ ಗಿಡ್ಡ ಕೊಂಡಿಗಳು ಅಡ್ಡಲಾಗಿ ಬಿಗಿದು, ಕೋಶದ ಸುತ್ತ ಒಂದೇ ಬಲೆಯ ಚೀಲವನ್ನು ನಿರ್ಮಿಸಿವೆ. ಇಲ್ಲಿಯೇ ತೊಡಕು ಉಂಟಾಗುತ್ತದೆ. ಬಲೆಯನ್ನು ಹಿಗ್ಗಿಸಬೇಕಾದರೆ ಹಳೆಯ ಕೊಂಡಿಗಳನ್ನು ಕತ್ತರಿಸಿ, ನಡುವೆ ಹೊಸ ಎಳೆಗಳನ್ನು ಸೇರಿಸಬೇಕು. ತುಂಬಿದ ಕೆರೆಯ ನೀರನ್ನು ಹೊರಗೆ ಬಿಡದೆಯೇ ಅದರ ಏರಿಯನ್ನು ಬಿಡಿಸಿ ಉದ್ದಮಾಡುವುದಕ್ಕೆ ಸಮನಾದ ಕೆಲಸವಿದು.

ಕತ್ತರಿಸುವ ಕಾರ್ಯವು ಅನಿವಾರ್ಯವೇ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ನಡೆದ ಸಂಶೋಧನೆಯು ಉತ್ತರವಿತ್ತಿದೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಮಂಜುಳಾ ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು 2012ರಲ್ಲಿ ಕೊಂಡಿಗಳನ್ನು ಬಿಡಿಸುವ ಮೂರು ಕಿಣ್ವಗಳನ್ನು ಗುರುತಿಸಿದರು. ಮೂರೂ ಇಲ್ಲದಾದಾಗ ಹೊಸ ಮುರೀನ್ ಭಿತ್ತಿಯಲ್ಲಿ ಸೇರಿಕೊಳ್ಳಲಾರದು, ಕೋಶವು ಬದುಕಲಾರದು.

ಕೂಡಿಸುವ ಕಿಣ್ವಗಳೂ ಅಷ್ಟೇ ಮುಖ್ಯ. ಪೆನಿಸಿಲಿನ್ ಇವಕ್ಕೆ ಅಂಟಿಕೊಂಡು ಇವುಗಳ ಕೆಲಸವನ್ನು ತಡೆಯುತ್ತದೆ. ಬಿಡಿಸುವಿಕೆಯು ಮುಂದುವರಿದು ಬಿಗಿಯುವಿಕೆಯು ನಿಂತುಹೋಗುವುದರಿಂದ ಭಿತ್ತಿಯು ದುರ್ಬಲವಾಗಿ ಕೋಶವು ಒಡೆಯುತ್ತದೆ. 1975ರಲ್ಲಿ ಸ್ಪ್ರಾಟ್ ಎಂಬ ವಿಜ್ಞಾನಿಯು ಈ ಕಿಣ್ವಗಳಲ್ಲಿ ಕಾರ್ಯಭೇದವಿರುವುದನ್ನು ತೋರಿಸಿದನು. ಎರಡನೆಯದನ್ನು ಮೆಸಿಲಿನಮ್ ಎಂಬ ಔಷಧದಿಂದ ತಡೆದರೆ ದಂಡವು ಗುಂಡಾಗುತ್ತದೆ. ಮೂರನೆಯದನ್ನು ಸೆಫಲೆಕ್ಸಿನ್‌ನಿಂದ ತಡೆದರೆ ಕೋಶವು ವಿಭಜನೆಯಾಗದೆ ಉದ್ದನೆಯ ನೂಲಾಗುತ್ತದೆ. ಆದುದರಿಂದ ಉದ್ದಬೆಳೆಯುವುದು ಮತ್ತು ಇಬ್ಭಾಗವಾಗುವುದು ಎರಡು ಬೇರೆ ಬೇರೆ ವ್ಯವಸ್ಥೆಗಳಿಗೆ ಸೇರಿದ ಕಾರ್ಯಗಳೆಂದು ತಿಳಿಯಬೇಕು.

ಎರಡನೆಯ ವ್ಯವಸ್ಥೆಗೆ ಕೋಶದ ನಡುವೆ ಉಂಗುರವಾಗಿ ನಿಲ್ಲುವ ಎಫ್.ಟಿ.ಎಸ್.ಝಡ್. ಎಂಬ ಪ್ರೋಟೀನು ಆಧಾರ. ಮೊದಲನೆಯದಕ್ಕೆ ದಾರಿ ತೋರುವುದು ಎಂ.ಆರ್.ಇ.ಬಿ. ಎಂಬ ಪ್ರೋಟೀನು. ಇದರ ರಚನೆಯು ನಮ್ಮ ಸ್ನಾಯುಗಳಲ್ಲಿರುವ ಆಕ್ಟಿನ್ನನ್ನು ಹೋಲುತ್ತದೆಂದು 2001ರಲ್ಲಿ ಗೊತ್ತಾಯಿತು. ಇದರ ಗಿಡ್ಡ ಎಳೆಗಳು ಒಳಪೊರೆಗೆ ಅಂಟಿಕೊಂಡು ದಂಡದ ಸುತ್ತಳತೆಯ ದಿಕ್ಕಿನಲ್ಲಿ ಚಲಿಸುತ್ತವೆ. ಭಿತ್ತಿಯ ನಿರ್ಮಾಣವನ್ನು ಔಷಧದಿಂದ ನಿಲ್ಲಿಸಿದರೆ ಈ ಚಲನೆಯೂ ನಿಲ್ಲುವುದನ್ನು 2011ರಲ್ಲಿ ಕಂಡುಕೊಂಡರು. ಎಂದರೆ ಎಳೆಯು ತಾನಾಗಿ ಓಡುವುದಿಲ್ಲ. ನಿರ್ಮಾಣಕಾರ್ಯವೇ ಅದನ್ನು ಮುಂದಕ್ಕೆ ಒಯ್ಯುತ್ತದೆ, ಎಳೆಯು ಆ ಕಾರ್ಯಕ್ಕೆ ದಿಕ್ಕನ್ನು ಕೊಡುತ್ತದೆ. ಹೊಸ ಸರಪಳಿಗಳು ಪೀಪಾಯಿಯ ಪಟ್ಟಿಗಳಂತೆ ಬಹುಮಟ್ಟಿಗೆ ಅಡ್ಡಸುತ್ತಾಗಿ ಕೂಡುವುದರಿಂದ ದಪ್ಪವು ಬಿಗಿಯಲ್ಲಿ ಉಳಿದು ಉದ್ದವು ಬೆಳೆಯುತ್ತದೆ.

ಆದರೂ ಎಲ್ಲ ದಂಡಾಣುಗಳಿಗೂ ಇದೊಂದೇ ಮಾರ್ಗವೆಂದು ಭಾವಿಸಬಾರದು. ಕ್ಷಯರೋಗದ ದಂಡಾಣುವಿನಲ್ಲಿ ಎಂ.ಆರ್.ಇ.ಬಿ. ಇಲ್ಲ, ಅದು ತನ್ನ ಎರಡು ತುದಿಗಳಲ್ಲಿ ಬೆಳೆಯುತ್ತದೆ.

ಈ ವಿಚಾರವು ಕೇವಲ ಆಕಾರದ ಕುತೂಹಲವಲ್ಲ. ಹಲವು ಬ್ಯಾಕ್ಟೀರಿಯಗಳು ಪೆನಿಸಿಲಿನ್ ವರ್ಗದ ಔಷಧಗಳನ್ನು ಸೀಳಿಹಾಕುವ ಕಿಣ್ವಗಳನ್ನು ಪಡೆದು ಚಿಕಿತ್ಸೆಯನ್ನು ವ್ಯರ್ಥಗೊಳಿಸುತ್ತಿವೆ. ಆದರೆ ಭಿತ್ತಿಯನ್ನು ಬಿಡಿಸಿ ಬಿಗಿಯುವ ಕಾರ್ಯವನ್ನು ಅವು ಒಂದು ಗಳಿಗೆಯೂ ಬಿಟ್ಟು ಬೆಳೆಯಲಾರವು. ಅವುಗಳ ಬಲವಿರುವ ಈ ಸ್ಥಾನದಲ್ಲಿಯೇ ಅವುಗಳ ದೌರ್ಬಲ್ಯವೂ ಇದೆ. ಹೊಸ ಔಷಧಗಳನ್ನು ಅರಸುವವರು ಬಿಗಿಯುವ ಕಿಣ್ವಗಳ ಜೊತೆಗೆ ಬಿಡಿಸುವ ಕಿಣ್ವಗಳನ್ನೂ ದಿಕ್ಕು ತೋರುವ ಪ್ರೋಟೀನುಗಳನ್ನೂ ಲಕ್ಷಿಸಬೇಕಾದುದು ಇದರಿಂದಲೇ.