ಒಳಗೆ ಸರಿಯುವ ಉಳಿ

ಚನ್ನಪಟ್ಟಣದ ಮಕ್ಕಳಿಗೆ ಲೇತ್ ಹೊಸದಲ್ಲ. ತಿರುಗುವ ಆಲೆ ಮರದ ತುಂಡಿಗೆ ಉಳಿ ಕೊಟ್ಟು ಬೊಂಬೆ ಕಡೆಯುತ್ತಾರೆ. ಆಮೇಲೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಇದೇ ಕೆಲಸದಲ್ಲಿರುವ ನನ್ನ ಮಾಮು ಹೇಳುವ ಪ್ರಕಾರ ಉಳಿ ಕೊಡುವುದು ಬೇಗ ಬರುತ್ತದೆ, ಗೆರೆ ಬೀಳದಂತೆ ತೆಗೆಯುವುದಕ್ಕೆ ಮಾತ್ರ ಕೈ ಪಳಗಬೇಕು.

ಕೈಯೇ ಹೋಗದ ಜಾಗದಲ್ಲಿ ಏನು ಮಾಡುತ್ತಾರೆ? ಬಿಡದಿ, ಹಾರೋಹಳ್ಳಿ ಕಡೆ ಕೆಲಸಕ್ಕೆ ಹೋಗಬೇಕೆನ್ನುವ ಗೆಳೆಯರು ಇದನ್ನು ತಿಳಿದಿರಲಿ. ಲೋಹದ ತೂತನ್ನು ಒಳಗಿನಿಂದ ಅಗಲ ಮಾಡಿದ ಉಪಕರಣ ಹಾಗೇ ಹಿಂದೆ ಬಂದರೆ, ಅದರ ಮೊನೆ ನುಣುಪಾದ ಗೋಡೆಯ ಮೇಲೆ ಗೆರೆ ಎಳೆದುಬಿಡಬಹುದು. ಇನ್ನೂ ಕಷ್ಟದ ಕೆಲಸವೂ ಉಂಟು: ತೂತಿನ ಬಾಯಿ ಚಿಕ್ಕದು, ಅಗಲವಾಗಬೇಕಾದದ್ದು ಅದರ ಹಿಂಬದಿ. ಆಗ ಬ್ಲೇಡ್ ಮುಚ್ಚಿಕೊಂಡು ಒಳಗೆ ಹೋಗಬೇಕು, ಆಚೆ ತೆರೆದು ಕತ್ತರಿಸಬೇಕು, ಮತ್ತೆ ಮುಚ್ಚಿಕೊಂಡು ಹೊರಗೆ ಬರಬೇಕು.

ಇದಕ್ಕೆ ಒಂದು ಉಪಾಯ ದ್ರವದ ಒತ್ತಡ. ಮೊನೆಯನ್ನು ತಂಪಾಗಿಡುವ ಕೂಲೆಂಟ್ ಹೇಗೂ ಸ್ಪಿಂಡಲ್ ಒಳಗಿನಿಂದ ಹರಿದು ಬರುತ್ತದೆ. ಅದನ್ನೇ ಒಂದು ಪುಟ್ಟ ಪಿಸ್ಟನ್ ಮೇಲೆ ಬಿಡುತ್ತಾರೆ. ನಮ್ಮ ಫಸ್ಟ್ ಪಿಯುಸಿ ಭೌತಶಾಸ್ತ್ರದ ಪ್ಯಾಸ್ಕಲ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ (ಪರೀಕ್ಷೆಗೆ ಮಾತ್ರ ಎಂದುಕೊಂಡವರು ಲೆಕ್ಕ ಹಾಕಿ). ಒತ್ತಡ 70 ಬಾರ್, ಅಂದರೆ ಪ್ರತಿ ಚದರ ಮಿಲಿಮೀಟರಿಗೆ 7 ನ್ಯೂಟನ್. ಪಿಸ್ಟನ್ ವ್ಯಾಸ 10 ಮಿ.ಮೀ. ಆದರೆ ವಿಸ್ತೀರ್ಣ ಸುಮಾರು 78.5 ಚದರ ಮಿ.ಮೀ., ಬಲ ಸುಮಾರು 550 ನ್ಯೂಟನ್. ಕಿರುಬೆರಳ ಉಗುರಿನಷ್ಟು ಜಾಗದ ಮೇಲೆ ಒಂದು ಮೂಟೆ ಸಿಮೆಂಟಿಗಿಂತ ಹೆಚ್ಚು ಭಾರ! ಸ್ಪ್ರಿಂಗ್ ಮತ್ತು ಘರ್ಷಣೆ ಇದರಲ್ಲಿ ಒಂದಷ್ಟನ್ನು ತಿನ್ನುತ್ತವೆ. ಪಿಸ್ಟನ್ನಿನ ಓರೆ ಮೈ ಮುಂದೆ ಸರಿದು ಬ್ಲೇಡನ್ನು ಪಕ್ಕಕ್ಕೆ ತಳ್ಳುತ್ತದೆ. ಓರೆ 10ಕ್ಕೆ 1 ಇದ್ದರೆ, ಪಿಸ್ಟನ್ 1 ಮಿ.ಮೀ. ಸರಿದಾಗ ಬ್ಲೇಡ್ 0.1 ಮಿ.ಮೀ. ಮಾತ್ರ ಹೊರಗೆ ಬರುತ್ತದೆ. ಒತ್ತಡ ಇಳಿಸಿದರೆ ಸ್ಪ್ರಿಂಗ್ ಅದನ್ನು ಒಳಗೆಳೆಯುತ್ತದೆ.

ಇಷ್ಟನ್ನೂ ಕೇಳಿದ ಮಾಮು, "ಮುಚ್ಚಿದೆ ಅಂತ ಮೆಷಿನ್ನಿಗೆ ಹೇಗೆ ಗೊತ್ತಾಗುತ್ತೆ?" ಎಂದರು. ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಒತ್ತಡದ ಮೀಟರ್ ಸೊನ್ನೆಗೆ ಬಂದರೆ ದ್ರವದ ಸ್ಥಿತಿ ಗೊತ್ತಾಯಿತು, ಬ್ಲೇಡಿನದಲ್ಲ. ಲೋಹದ ಚೂರೊಂದು ಸಂದಿಯಲ್ಲಿ ಸಿಕ್ಕಿಕೊಂಡರೆ ಬ್ಲೇಡ್ ತೆರೆದೇ ಉಳಿಯಬಹುದು. ಯಂತ್ರಕ್ಕೆ ಅದರ ಅರಿವಿಲ್ಲ. ಅದು ಉಪಕರಣವನ್ನು ಚಿಕ್ಕ ತೂತಿನಿಂದ ಎಳೆಯುತ್ತದೆ. ಬ್ಲೇಡೂ ಮುರಿಯುತ್ತದೆ, ಗಂಟೆಗಟ್ಟಲೆ ತಯಾರಿಸಿದ ಭಾಗವೂ ಹಾಳು.

ಅದಕ್ಕೇ ಕೂಲೆಂಟನ್ನು ಚೆನ್ನಾಗಿ ಸೋಸಬೇಕು. ಒತ್ತಡ ಇಳಿಸಿದ ಮೇಲೆ ಬ್ಲೇಡ್ ಮುಚ್ಚಿಕೊಳ್ಳಲು ಸಮಯ ಕೊಟ್ಟೇ ಹಿಂದೆಳೆಯಬೇಕು. ಕೆಲಸ ಶುರುಮಾಡುವ ಮುಂಚೆ ತೂತಿನ ಹೊರಗೇ ಒಮ್ಮೆ ತೆರೆದು ಮುಚ್ಚಿ ನೋಡಬೇಕು, ಅದೂ ಯಂತ್ರದ ಬಾಗಿಲು ಹಾಕಿಕೊಂಡು, ಗಾಜಿನ ಆಚೆಯಿಂದ. 70 ಬಾರ್ ಒತ್ತಡದಲ್ಲಿ ಚಿಮ್ಮುವ ಕೂಲೆಂಟಿನ ಮುಂದೆ ಮುಖವನ್ನಾಗಲಿ ಕೈಯನ್ನಾಗಲಿ ತರಬಾರದು.