ವ್ಯಾನಿನ ಮೇಲೆ ಹೆಸರು ಅಂಟುವುದು ಹೇಗೆ?

ನಮ್ಮ ಕ್ಯಾಂಟೀನಿಗೆ ಬ್ರೆಡ್ಡು, ಬನ್ನು ತರುವ ವ್ಯಾನನ್ನು ನೀವೆಲ್ಲ ನೋಡಿದ್ದೀರಿ. ಅದರ ಮೈಮೇಲಿರುವ ಬೇಕರಿಯ ಹೆಸರು, ಫೋನ್ ನಂಬರು ಪೇಂಟಿನಲ್ಲಿ ಬರೆದದ್ದಲ್ಲ, ವಿನೈಲ್ ಸ್ಟಿಕರ್. ನನ್ನ ಮಾಮನ ಸ್ಟಿಕರ್ ಅಂಗಡಿಯಲ್ಲಿ ರಜಾದಿನಗಳಲ್ಲಿ ನಾನೂ ಕೆಲಸ ಮಾಡುವುದರಿಂದ, ಇದರ ಹಿಂದಿರುವ ಕೆಲಸವನ್ನೂ ಸ್ವಲ್ಪ ವಿಜ್ಞಾನವನ್ನೂ ಇಲ್ಲಿ ಹೇಳುತ್ತೇನೆ.

ವಿನೈಲ್ ಎಂದರೆ ಪಾಲಿವಿನೈಲ್ ಕ್ಲೋರೈಡ್, ಅಂದರೆ ಪಿವಿಸಿ. ನೀರಿನ ಪೈಪಿಗೆ ಬಳಸುವ ಪ್ಲಾಸ್ಟಿಕ್ಕೇ ಇದು. ಮೆತ್ತಗಾಗುವ ಪದಾರ್ಥ ಸೇರಿಸಿ ತೆಳು ಹಾಳೆ ಮಾಡಿರುತ್ತಾರೆ. ಇದರಲ್ಲಿ ಎರಡು ಜಾತಿ. ಬಿಸಿ ಪ್ಲಾಸ್ಟಿಕ್ಕನ್ನು ರೋಲರುಗಳ ನಡುವೆ ಚಪಾತಿಯಂತೆ ಒತ್ತಿ ತೆಗೆದದ್ದು ಕ್ಯಾಲೆಂಡರ್ಡ್ ವಿನೈಲ್. ದ್ರವರೂಪದಲ್ಲಿ ಹೊಯ್ದು, ಒಲೆಯಲ್ಲಿ ಒಣಗಿಸಿದ್ದು ಕಾಸ್ಟ್ ವಿನೈಲ್. ಇದು ಸುಮಾರು 50 ಮೈಕ್ರಾನ್ ಮಾತ್ರ ದಪ್ಪ. ಮೊದಲನೆಯದು ಅಗ್ಗ, ಆದರೆ ಎಳೆದು ಮಾಡಿದ್ದರಿಂದ ಬಿಸಿಲಿಗೆ ನಿಧಾನವಾಗಿ ಕುಗ್ಗಿ ಅಂಚು ಏಳುತ್ತದೆ. ಎರಡನೆಯದು ದುಬಾರಿ, ಆದರೆ ಗಾಡಿಯ ಉಬ್ಬುತಗ್ಗುಗಳಿಗೆ ಒಗ್ಗಿಕೊಂಡು ವರ್ಷಗಟ್ಟಲೆ ಇರುತ್ತದೆ. ಅಂಟಿಸಿದ ದಿನ ಎರಡೂ ಒಂದೇ ರೀತಿ ಹೊಳೆಯುವುದರಿಂದ ಗಿರಾಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಈ ಕಸುಬಿನಲ್ಲಿ ಪ್ರಾಮಾಣಿಕತೆಯ ಪರೀಕ್ಷೆ ನಡೆಯುವುದು ಇಲ್ಲೇ. ಗಿರಾಕಿಯ ಗಾಡಿ ನಮ್ಮ ಕೈಯಲ್ಲಿರುವ ಅಮಾನತ್ ಎಂದು ಮಾಮ ಹೇಳುತ್ತಾರೆ. ಚಪ್ಪಟೆ ಜಾಗಕ್ಕೆ ಅಗ್ಗದ್ದು ಸಾಕಾದರೆ ಸಾಕೆನ್ನಬೇಕು. ಕಾಸ್ಟ್ ಎಂದು ಹೇಳಿ ಹಣ ಪಡೆದರೆ ಕಾಸ್ಟನ್ನೇ ಹಾಕಬೇಕು.

ಕೆಲಸ ಶುರುವಾಗುವುದು ಅಳತೆಯಿಂದ. ಮಾರುತಿ ಈಕೊ ವ್ಯಾನನ್ನೇ ತೆಗೆದುಕೊಳ್ಳಿ. ಅದರ ಪಕ್ಕದ ಬಾಗಿಲು ಹಿಂದಕ್ಕೆ ಜಾರುತ್ತದೆ. ಬಾಗಿಲು ತೆರೆದಾಗ ಅದು ಹಿಂಭಾಗದ ಬರಹವನ್ನು ಮುಚ್ಚುತ್ತದೆ; ಸರಕು ಇಳಿಸುವಾಗ, ಜನ ನೋಡುವ ಹೊತ್ತಿಗೇ, ಹೆಸರು ಅರ್ಧ ಮಾಯ! ಆದ್ದರಿಂದ ಬಾಗಿಲು ಮುಚ್ಚಿಯೂ ತೆರೆದೂ ನೋಡಿ ಜಾಗ ಗುರುತಿಸಬೇಕು. ಬಾಗಿಲ ಸಂದು, ಹಿಡಿಕೆಗಳ ಮೇಲೆ ಅಕ್ಷರ ಬರಬಾರದು. ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಎರಡು ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬೇಕು. ಅಕ್ಷರ ತೀರಾ ಚಿಕ್ಕದಾದರೆ ಪ್ಲಾಟರ್ ಯಂತ್ರ ಕತ್ತರಿಸಿದ ಮೇಲೆ ಬೇಡದ ಭಾಗ ಕೀಳುವಾಗ ಸಣ್ಣ ಒತ್ತುಗಳೂ ಎದ್ದು ಬರುತ್ತವೆ. ಒಂದು ಒತ್ತು ಹೋದರೆ ಹೆಸರೇ ಬೇರೆಯಾಗುತ್ತದೆ. ಕತ್ತರಿಸುವ ಮೊದಲೇ ಕಾಗುಣಿತ ಮತ್ತು ಫೋನ್ ನಂಬರನ್ನು ಗಿರಾಕಿಯಿಂದ ಓದಿಸಿ ಸಹಿ ಹಾಕಿಸಿಕೊಳ್ಳುವುದು ಇದಕ್ಕೇ.

ಮುಂದಿನದು ತೊಳೆಯುವುದು. ಸೋಪು ನೀರಿನಿಂದ ತೊಳೆದು ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು. ನಮ್ಮ ರಸಾಯನಶಾಸ್ತ್ರದ ಪ್ರೊಪೇನ್-2-ಆಲ್ ಇದೇ. ಕಣ್ಣಿಗೆ ಕಾಣದ ಎಣ್ಣೆ, ಪಾಲಿಶಿನ ಮೇಣ ಉಳಿದರೆ ಅಂಟು ಗಾಡಿಯನ್ನು ಹಿಡಿಯದೆ ಮೇಣವನ್ನು ಹಿಡಿಯುತ್ತದೆ. ಬಾಗಿಲ ಅಂಚು, ಸಂದುಗಳಲ್ಲೇ ಕೊಳೆ ಹೆಚ್ಚು. ಸ್ಟಿಕರ್ ಏಳಲು ಶುರುವಾಗುವುದೂ ಅಲ್ಲಿಂದಲೇ. ಕೆಲಸ ನೆರಳಿನಲ್ಲಿ ನಡೆಯಬೇಕು. ಬಿಸಿಲಿಗೆ ಕಾದ ತಗಡಿನ ಮೇಲೆ ವಿನೈಲ್ ಮೆತ್ತಗಾಗಿ ಹಿಗ್ಗುತ್ತದೆ, ಅಂಟು ಮುಟ್ಟಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಸಮಯ ಸಿಗುವುದಿಲ್ಲ.

ಈಗ ಅಂಟಿಸುವುದು. ಸ್ಟಿಕರನ್ನು ಮಾಸ್ಕಿಂಗ್ ಟೇಪಿನಿಂದ ಜಾಗದಲ್ಲಿ ನಿಲ್ಲಿಸಿ, ದೂರ ಹೋಗಿ ನೋಡಿ ಓರೆಯಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತೇವೆ. ಆಮೇಲೆ ನಡುವೆ ಒಂದು ಉದ್ದ ಟೇಪು ಹಾಕಿ, ಒಂದು ಬದಿಯ ಹಿಂಬದಿ ಕಾಗದ ಸುಲಿದು, ಅಂಗೈಯಗಲದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ತೀಡುತ್ತೇವೆ. ಈ ಪಟ್ಟಿಗೆ ಸ್ಕ್ವೀಜಿ ಎಂದು ಹೆಸರು. ಅಂಗೈಯಲ್ಲೇ ಒತ್ತಿದರೆ ಸಾಲದೆ? ಸಾಲದು. ಈ ಅಂಟು ಕೆಲಸ ಮಾಡುವುದು ಒತ್ತಡದಿಂದ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಭೌತಶಾಸ್ತ್ರದಲ್ಲಿ ಓದಿದ್ದೇವಲ್ಲ? ಸ್ಕ್ವೀಜಿಯ ಅಂಚು ಸಣ್ಣದು, ಹಾಗಾಗಿ ಅದೇ ಕೈಬಲಕ್ಕೆ ಒತ್ತಡ ಹಲವು ಪಟ್ಟು ಹೆಚ್ಚು. ಒಂದು ಎಳೆತದ ಮೇಲೆ ಇನ್ನೊಂದು ಸ್ವಲ್ಪ ಹತ್ತಿಕೊಂಡೇ ಬರಬೇಕು. ಬಿಟ್ಟ ಜಾಗದಲ್ಲಿ ಗಾಳಿ ಗುಳ್ಳೆಯಾಗಿ ಕೂರುತ್ತದೆ. ಗುಳ್ಳೆ ಬಂದರೆ ಬ್ಲೇಡಿನಿಂದ ಸೀಳದೆ, ಸೂಜಿಯಿಂದ ಚುಚ್ಚಿ ಗಾಳಿ ಹೊರಗೆ ತಳ್ಳಬೇಕು.

ಉಬ್ಬುತಗ್ಗು ಬಂದಲ್ಲಿ ಹೀಟ್ ಗನ್ನಿನಿಂದ ಬಿಸಿಮಾಡಿ ವಿನೈಲನ್ನು ಕೂರಿಸುತ್ತೇವೆ. ಎಳೆದು ಹಿಗ್ಗಿಸಿದ ಪ್ಲಾಸ್ಟಿಕ್ಕಿಗೆ ತನ್ನ ಹಳೆಯ ಆಕಾರಕ್ಕೆ ಮರಳುವ ಗುಣವಿದೆ. ಅಂಥ ಜಾಗವನ್ನು ಕೊನೆಯಲ್ಲಿ ಮತ್ತೊಮ್ಮೆ ಸುಮಾರು 95 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಕಾಸ್ಟ್ ವಿನೈಲ್ ಹೊಸ ಆಕಾರಕ್ಕೆ ಒಗ್ಗುತ್ತದೆ. ಇದನ್ನು ಬಿಟ್ಟರೂ ಆ ದಿನ ಏನೂ ಕಾಣುವುದಿಲ್ಲ. ಕೆಲವು ವಾರಗಳ ನಂತರ ಕಾಣುತ್ತದೆ. ಹಾಗೆಯೇ ಗಾಡಿಯ ಮೈಮೇಲೆ ಇಟ್ಟು ಬ್ಲೇಡು ಆಡಿಸಬಾರದು. ಪೇಂಟು ಸೀಳಿದರೆ ಸ್ಟಿಕರ್‌ನ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ.

ಎಲ್ಲೆಲ್ಲಿ ಅಂಟಿಸಬಾರದು ಎಂಬುದೂ ಮುಖ್ಯ. ನಂಬರ್ ಪ್ಲೇಟು, ದೀಪಗಳು, ರಾತ್ರಿ ಹೊಳೆಯುವ ರಿಫ್ಲೆಕ್ಟರ್ ಪಟ್ಟಿಗಳನ್ನು ಮುಚ್ಚಬಾರದು. ಗಾಜಿಗೆ ಕಪ್ಪು ಫಿಲಂ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರಲ್ಲೇ ನಿಷೇಧಿಸಿದೆ. ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಆದ್ದರಿಂದ ಮೂಲ ಬಣ್ಣವೇ ಕಾಣದಂತೆ ಇಡೀ ಗಾಡಿಯನ್ನು ಮುಚ್ಚಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಬೇಕು.

ನಮ್ಮಲ್ಲಿ ಹಲವರ ಮನೆಯಲ್ಲಿ ಲೈನ್ ಸೇಲಿನ ಗಾಡಿಯೋ ಮೀನಿನ ಗಾಡಿಯೋ ಇದೆ. ಅದು ಒಂದು ದಿನ ನಿಂತರೆ ಅಂದಿನ ದುಡಿಮೆ ನಿಂತಂತೆ. ಅಂಚು ಎದ್ದ ಸ್ಟಿಕರನ್ನು ಕಿತ್ತು ಮತ್ತೆ ಹಾಕಿಸುವುದೆಂದರೆ ಎರಡನೇ ದಿನದ ದುಡಿಮೆಯೂ ಹೋದಂತೆ. ಆದ್ದರಿಂದ ಹಾಕಿಸುವ ಮೊದಲು ಯಾವ ಜಾತಿಯ ವಿನೈಲ್ ಎಂದು ಕೇಳಿ, ಅದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒರೆಸುವ ಕೆಲಸ ಮುಗಿಯುವವರೆಗೆ ಅವಸರ ಮಾಡಬೇಡಿ. ಅಂಟಿಸಿದ ಮೇಲೆ ಎರಡು ದಿನ ಗಾಡಿ ತೊಳೆಯಬೇಡಿ. ಅಂಟಿಗೆ ಪೂರ್ತಿ ಬಲ ಬರಲು ಅಷ್ಟು ಸಮಯ ಕೊಡಿ.