ಮಸೀದಿಯಲ್ಲ, ಬುನಾದಿಯಿಂದಲೇ ಚರ್ಚು

ಸ್ಪೇನಿನ ಅರಗಾನ್ ಪ್ರಾಂತ್ಯದ ಕಲತಾಯುದ್ ಪಟ್ಟಣದ ಹತ್ತಿರ ಸೆರ್ವೇರಾ ದೆ ಲಾ ಕನ್ಯಾದಾ ಎಂಬ ಚಿಕ್ಕ ಊರಿದೆ. ಅಲ್ಲಿನ ಸಾಂತಾ ತೆಕ್ಲಾ ಚರ್ಚು ಮುದೇಹಾರ್ ಶೈಲಿಯದು. ಕ್ರೈಸ್ತ ಅರಸರ ಆಳ್ವಿಕೆಯಲ್ಲಿ ತಮ್ಮ ಧರ್ಮ ಉಳಿಸಿಕೊಂಡು ಬಾಳಿದ ಮುಸ್ಲಿಮರಿಗೆ ಮುದೇಹಾರರೆಂದು ಹೆಸರು. 2001ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಈ ಚರ್ಚನ್ನೂ ಇದರ ಬಳಗದ ಕಟ್ಟಡಗಳನ್ನೂ ತಪ್ಪಾಗಿ ತಿಳಿದವರೇ ಹೆಚ್ಚು.

ತಪ್ಪು ಕಲ್ಪನೆ: ಇದು ಮಸೀದಿಯಾಗಿತ್ತು, ಆಮೇಲೆ ಚರ್ಚಾಯಿತು.

ವಾಸ್ತವ: ಹಳೆಯ ಕೋಟೆಯೊಂದರ ಜಾಗದಲ್ಲಿ ಇದು ಎದ್ದದ್ದೇ ಚರ್ಚಾಗಿ. ವಿನ್ಯಾಸ ಗಾಥಿಕ್: ಒಂದೇ ಹಜಾರ, ಎತ್ತರದ ಕಮಾನು ಚಾವಣಿ, ಗೋಪುರದಂಥ ದಪ್ಪ ಆಸರೆಗೋಡೆಗಳ ನಡುವೆ ಸಂತರ ಗುಡಿಗಳು. ಇಸ್ಲಾಮಿ ಕಲೆ ಇರುವುದು ಅದರ ಮೈಮೇಲೆ. ಕಿಟಕಿಗಳಿಗೆ ಜಿಪ್ಸಂ ಗಾರೆಯಲ್ಲಿ ಕೊರೆದ ಜಾಲಂಧ್ರಗಳಿವೆ. ಒಳಗೋಡೆಯ ಇಟ್ಟಿಗೆ ಸಾಲುಗಳನ್ನಂತೂ ಹತ್ತಿರದಿಂದಲೇ ನೋಡಬೇಕು. ಅವು ಇಟ್ಟಿಗೆಗಳೇ ಅಲ್ಲ! ಗಾರೆ ಬಳಿದು, ಗೀರಿ, ಬಣ್ಣ ಹಚ್ಚಿ ಇಟ್ಟಿಗೆಯಂತೆ ತೋರಿಸಿದ್ದಾರೆ.

ತಪ್ಪು ಕಲ್ಪನೆ: ಕಟ್ಟಿದವರು ಹೆಸರಿಲ್ಲದ ಕೂಲಿಗಳು.

ವಾಸ್ತವ: ಹಾಡುಗಾರರ ಅಟ್ಟದ ಬಳಿಯ ಶಾಸನದಲ್ಲಿ 1426ನೇ ಇಸವಿಯ ಜೊತೆಗೆ ಕಟ್ಟಿದವನ ಹೆಸರೂ ಇದೆ: ಮಹೋಮಾ ರಾಮಿ. ಚರ್ಚಿನ ಒಳಗೆ, ಎಲ್ಲರ ಕಣ್ಣಿಗೆ ಬೀಳುವಂತೆ, ಮುಸ್ಲಿಂ ಮೇಸ್ತ್ರಿಯೊಬ್ಬನ ಹೆಸರು! ಅರಗಾನಿನವನೇ ಆದ, ರೋಮ್ ಒಪ್ಪದ ಪೋಪ್ 13ನೇ ಬೆನೆಡಿಕ್ಟ್ ಸರಗೋಸಾದ ಮಹಾಚರ್ಚಿನ ಕೆಲಸಕ್ಕೆ ಕರೆಸಿದ್ದೂ ಇದೇ ರಾಮಿಯನ್ನು. ನನ್ನ ಮಟ್ಟಿಗೆ ಇಡೀ ಕಟ್ಟಡದಲ್ಲಿ ಆ ಶಾಸನದ ಸಾಲಿಗಿಂತ ಬೆಲೆಬಾಳುವುದು ಬೇರೊಂದಿಲ್ಲ.

ತಪ್ಪು ಕಲ್ಪನೆ: ಮುದೇಹಾರ್ ಕಲೆಯೆಂದರೆ ಬರೀ ಬಳ್ಳಿ, ನಕ್ಷತ್ರ; ಮನುಷ್ಯರ ಚಿತ್ರವಿಲ್ಲ.

ವಾಸ್ತವ: ಇದೇ ಬಳಗದ, ತೆರುಯೆಲ್ ಊರಿನ ಸಾಂತಾ ಮರಿಯಾ ಚರ್ಚಿನಲ್ಲಿ ತಲೆಯೆತ್ತಿ ನೋಡಿದರೆ ಸಾಕು. 13ನೇ ಶತಮಾನದ ಕೊನೆಯ ಭಾಗದಲ್ಲಿ ಮಾಡಿದ, ಸುಮಾರು 32 ಮೀಟರ್ ಉದ್ದದ ಮರದ ಚಾವಣಿಯ ತುಂಬ ಅರಸರು, ಸಂತರು, ಕುದುರೆ ಸವಾರರು, ವಾದ್ಯ ನುಡಿಸುವವರು, ಉಪಕರಣ ಹಿಡಿದು ದುಡಿಯುತ್ತಿರುವ ಬಡಗಿಗಳು. ಮುಂದೆ ಅದರ ಕೆಳಗೆ ಬೇರೊಂದು ಚಾವಣಿ ಕಟ್ಟಿ ಇದನ್ನು ಎರಡು ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಿಟ್ಟರು. ಬಣ್ಣ ಮಾಸದೆ ಉಳಿದದ್ದು ಅದರಿಂದಲೇ. ಈ ಮರಗೆಲಸ ಬರಿಯ ಅಲಂಕಾರವೂ ಅಲ್ಲ, ಮಾಡಿನ ಭಾರ ಹೊರುವುದೂ ಅದೇ.

ತಪ್ಪು ಕಲ್ಪನೆ: ಈ ಚರ್ಚುಗಳು ಎರಡು ಧರ್ಮಗಳ ಸುಖಸಂಸಾರಕ್ಕೆ ಸಾಕ್ಷಿ.

ವಾಸ್ತವ: ಒಟ್ಟಿಗೆ ದುಡಿದದ್ದು ನಿಜ, ಸಮಾನರಾಗಿ ಬಾಳಿದ್ದು ನಿಜವಲ್ಲ. ಪ್ರವಾಸಿ ಪುಸ್ತಕಗಳು ಇದನ್ನು ತೇಲಿಸಿಬಿಡುವುದು ನನಗೆ ಸಹಿಸದು. ಮುದೇಹಾರರಿಗೆ ಊರಲ್ಲಿ ಬೇರೆ ಕೇರಿ ಇತ್ತು. 1526ರಲ್ಲಿ ಅರಗಾನಿನ ಮುಸ್ಲಿಮರೆಲ್ಲ ಕ್ರೈಸ್ತರಾಗಲೇಬೇಕಾಯಿತು. ಹಾಗೆ ಆದವರ ಮಕ್ಕಳು ಮೊಮ್ಮಕ್ಕಳನ್ನೂ 1610ರಲ್ಲಿ ನಾಡಿನಿಂದಲೇ ಹೊರಗಟ್ಟಿದರು.